ಪದಚರ್ಚೆ: ‘ಜರುಗುತ್ತದೆ’ಗೆ ಇಂಗ್ಲಿಷಿನಲ್ಲಿ ಯಾವುದು?

ಎಲ್ಲರಿಗೂ ನಮಸ್ಕಾರ. ಶ್ರವಣಬೆಳಗೊಳದ ಬಗೆಗಿನ ಫಲಕವೊಂದು ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. ಮೂಲ: ‘ಮಹಾಮಸ್ತಕಾಭಿಷೇಕ 12 ವರ್ಷಕ್ಕೊಮ್ಮೆ ಜರುಗುತ್ತದೆ. ಕಳೆದ ಬಾರಿ 2018ರಲ್ಲಿ ಜರುಗಿತು.’ ಇಂಗ್ಲಿಷ್ ಕರಡಿನಲ್ಲಿ ‘ಈಸ್ ಹ್ಯಾಪನಿಂಗ್’, ‘ವಾಸ್ ಟೇಕನ್ ಪ್ಲೇಸ್’ ಎಂದಿದೆ. ಸರಿಯೇ?

---

ಎರಡೂ ತಪ್ಪು. ‘ಜರುಗುತ್ತದೆ’ ರೂಢಿಯ ಮಾತು. ‘ಈಸ್ ಹ್ಯಾಪನಿಂಗ್’ ಅಂದರೆ ಈಗ ಜರುಗುತ್ತಿದೆ ಎಂದಾಗುತ್ತದೆ. ‘ಟೇಕ್ ಪ್ಲೇಸ್’, ‘ಹ್ಯಾಪನ್’, ‘ಅಕರ್’ ಮೂರೂ ಅಕರ್ಮಕ, ಕರ್ಮಣಿಗೆ ತಿರುಗವು. ನಮ್ಮ ‘ನಡೆಸಲಾಯಿತು’ ತಲೆಯಲ್ಲಿರುವುದರಿಂದಲೇ ಆ ‘ವಾಸ್’ ನುಸುಳುವುದು. ನಡೆಯಿತು ಎಂದರೆ ‘ಟುಕ್ ಪ್ಲೇಸ್’, ನಡೆಸಲಾಯಿತು ಎಂದರೆ ‘ವಾಸ್ ಹೆಲ್ಡ್’. ಅನುಮಾನ ಬಂದರೆ ‘ನಡೆಸಿದರು’ ಹಚ್ಚಿ ನೋಡಿ. ಅಭಿಷೇಕ ನಡೆಸಿದರು ಎನ್ನಬಹುದು, ‘ಹೆಲ್ಡ್’ ಕೂಡುತ್ತದೆ. ಭೂಕಂಪ ನಡೆಸಿದರು ಎನ್ನಲಾಗದು, ಅಲ್ಲಿ ‘ಅಕರ್ಡ್’. ಬೆಂಕಿ, ಯುದ್ಧ, ಸಾಂಕ್ರಾಮಿಕ ಶುರುವಾದದ್ದಕ್ಕೆ ‘ಬ್ರೋಕ್ ಔಟ್’.

ಫಲಕಕ್ಕೆ: ‘ಈಸ್ ಹೆಲ್ಡ್ ಒನ್ಸ್ ಎವ್ರಿ 12 ಇಯರ್ಸ್’, ‘ವಾಸ್ ಲಾಸ್ಟ್ ಹೆಲ್ಡ್ ಇನ್ 2018’. ‘ಎವ್ರಿ 12 ಇಯರ್ಸ್ ಒನ್ಸ್’ ಎಂದು ಕನ್ನಡದ ಕ್ರಮದಲ್ಲಿ ಬರೆಯಬೇಡಿ.

---

ಆ ಪರೀಕ್ಷೆ ಅರ್ಧ ಮಾತ್ರ ಸರಿ ಸಾರ್. ದಾಳಿ ನಡೆಸಿದರು, ತನಿಖೆ ನಡೆಸಿದರು ಅನ್ನುತ್ತೇವೆ. ಅವಕ್ಕೆ ‘ಹೆಲ್ಡ್’ ಒಪ್ಪದು, ‘ಕ್ಯಾರೀಡ್ ಔಟ್’ ಬೇಕು. ದಿನ ಗೊತ್ತುಮಾಡಿ ಜನ ಸೇರುವಂಥದ್ದಕ್ಕೆ, ಅಂದರೆ ಸಭೆ, ಜಾತ್ರೆ, ಚುನಾವಣೆಗೆ ‘ಹೆಲ್ಡ್’.

---

ಯಾರೂ ಬೇರು ನೋಡಲಿಲ್ಲ. ‘ಹ್ಯಾಪನ್’ನ ಒಳಗಿರುವ ‘ಹ್ಯಾಪ್’ಗೆ ಅದೃಷ್ಟ, ಆಕಸ್ಮಿಕ ಎಂಬ ಅರ್ಥ, ಹಳೆಯ ನಾರ್ಸ್ ನುಡಿಯಿಂದ ತಂದ ಸಾಲ. ಮುಹೂರ್ತ ಇಟ್ಟು ಮಾಡುವ ಅಭಿಷೇಕಕ್ಕೆ ಅದು ಹೊಂದದಿರುವುದು ಇದರಿಂದ. ನಮ್ಮ ‘ಜರುಗು’ ಸರಿಯುವುದು, ‘ನಡೆ’ ಹೆಜ್ಜೆಯಿಡುವುದು. ಇಂಥ ಪದಗಳಿದ್ದೂ ಪತ್ರಿಕೆಗಳಿಗೆ ‘ಅಪಘಾತ ಸಂಭವಿಸಿದೆ’ ಏಕೆ ಬೇಕು? ಸಂಭವ ಎಂದರೆ ಹುಟ್ಟು, ಇಲ್ಲವೇ ‘ಮಳೆಯ ಸಂಭವ’ ಎಂಬಲ್ಲಿನ ಸಾಧ್ಯತೆ. ‘ಅಪಘಾತವಾಗಿದೆ’ ಸಾಕು.

---

ಒಪ್ಪುವುದಿಲ್ಲ. ಅಪಘಾತವೂ ಸಂಸ್ಕೃತ, ಅಭಿಷೇಕವೂ ಸಂಸ್ಕೃತ. ಅವನ್ನು ಇಟ್ಟುಕೊಂಡು ಕ್ರಿಯಾಪದವನ್ನಷ್ಟೇ ಹೊರಹಾಕುವುದು ಯಾವ ನಿಯಮ? ‘ಇಸು’ ಹತ್ತಿದ ಮೇಲೆ ಸಂಭವಿಸು, ಘಟಿಸು ಕನ್ನಡದ್ದೇ.

---

ನಿಯಮವಲ್ಲ, ಮಿತ. ‘ಆಗು’ ಸಾಲುವಲ್ಲಿ ಎರಡಕ್ಷರ ಹೆಚ್ಚು ಏಕೆ?

---

‘ಈಸ್ ಹೆಲ್ಡ್’ ಎಂದು ತಿದ್ದಿ ಕಳಿಸಿದ್ದೇನೆ. ಕನ್ನಡದ ಸಾಲಿನಲ್ಲಿ ‘ಜರುಗುತ್ತದೆ’ ಹಾಗೆಯೇ ಇದೆ.