ಬಿಡುಗಡೆಯಾಗದ ಹಾಡುಗಳ 11 ಕ್ಯಾಸೆಟ್ ಸಿಕ್ಕಿವೆ, ಮೊದಲು ಏನು ಮಾಡಲಿ? ಅನುಭವ ಇದ್ದವರು ಹೇಳಿ

ಹೊಸಕಿವಿ:
ಮೆಚ್ಚಿನ ಗಾಯಕರೊಬ್ಬರ, ಎಲ್ಲೂ ಬಿಡುಗಡೆಯಾಗದ ಹಾಡುಗಳಿರುವ 11 ಕ್ಯಾಸೆಟ್ ಹಿರಿಯ ಅಭಿಮಾನಿಯೊಬ್ಬರಿಂದ ಬಂದಿವೆ. ಅರ್ಧಕ್ಕೆ ಕೈಬಿಟ್ಟ ಆಲ್ಬಂ ಒಂದರ ತುಣುಕುಗಳೂ ಇವೆ. ಎಲ್ಲವೂ ಸಿ-90. 7ನೇ ಕ್ಯಾಸೆಟ್ಟಿನ ಬಿ ಬದಿ ಮಾತ್ರ ಕಂಬಳಿ ಹೊದ್ದು ಹಾಡಿದ ಹಾಗೆ ಮಂಕಾಗಿದೆ. ಯಾಕಿರಬಹುದು? ಹಿಸ್ (ಟೇಪಿನ 'ಸ್ಸ್' ಸದ್ದು) ತೆಗೆಯಬೇಕಾ?

ಮೂಲಪ್ರತಿ:
ಹಿಸ್ ಮುಟ್ಟಬೇಡಿ. 24 ಬಿಟ್, 96 ಕಿಲೋಹರ್ಟ್ಜ್‌ನಲ್ಲಿ ಇದ್ದದ್ದು ಇದ್ದ ಹಾಗೆ ಕಂಪ್ಯೂಟರಿಗೆ ಇಳಿಸಿ. ಗಂಟೆಗೆ 2 ಜಿಬಿ ಚಿಲ್ಲರೆ, ಒಂದು ಸಿ-90ಗೆ 3.1, ನಿಮ್ಮ 11ಕ್ಕೆ 34 ಜಿಬಿ. ಫ್ಲಾಕ್ (ಗುಣ ಕೆಡದೆ ಫೈಲ್ ಕುಗ್ಗಿಸುವ ರೂಪ) ಮಾಡಿದರೆ ಅರ್ಧವಾಗುತ್ತದೆ ಅಂತ ನಂಬಬೇಡಿ, ಹಿಸ್ ಇರುವ ಟೇಪು ಅಷ್ಟು ಕುಗ್ಗುವುದಿಲ್ಲ. ಪೀಕ್ (ಅತಿ ಜೋರಾದ ಕ್ಷಣದ ಮಟ್ಟ) -6 ಡಿಬಿ ದಾಟದಿರಲಿ. 90 ನಿಮಿಷದ ಟೇಪು ಅಂದರೆ 90 ನಿಮಿಷದ ಕೆಲಸ ಅಲ್ಲ. ಪ್ರತಿ ಕ್ಯಾಸೆಟ್ ಆದಮೇಲೆ ಟೇಪು ಓದುವ ಹೆಡ್ಡು, ಟೇಪು ಎಳೆಯುವ ಪಿಂಚ್ ರೋಲರ್ ಒರೆಸಿ, ಅಜಿಮತ್ (ಟೇಪಿಗೆ ಹೆಡ್ಡಿನ ಕೋನ) ಹೊಂದಿಸಿ, ಟಿಪ್ಪಣಿ ಬರೆಯುವಷ್ಟರಲ್ಲಿ ಮೂರು ಗಂಟೆ ಹೋಗುತ್ತದೆ. ನನ್ನ 62 ಕ್ಯಾಸೆಟ್ಟಿಗೆ 180 ಗಂಟೆಗೂ ಮೇಲೆ ಹಿಡಿಯಿತು. ಅದರಲ್ಲಿ 14 ಎರಡೆರಡು ಸಲ, ಡಾಲ್ಬಿ (ಹಿಸ್ ತಗ್ಗಿಸುವ ವ್ಯವಸ್ಥೆ) ಸ್ವಿಚ್ಚಿನ ದೆಸೆಯಿಂದ. ಡಾಲ್ಬಿ ಬಿ ಹಾಕಿ ರೆಕಾರ್ಡ್ ಮಾಡಿದ್ದನ್ನು ಹಾಕದೆ ನುಡಿಸಿದರೆ ಚುರುಚುರು ಅನ್ನುತ್ತದೆ. ಹಾಕದೆ ಮಾಡಿದ್ದನ್ನು ಹಾಕಿ ನುಡಿಸಿದರೆ ಮೇಲಿನ ಸ್ವರಗಳು ಸತ್ತಂತೆ. ಪ್ರತಿಯ ಪ್ರತಿ ಆಗಿದ್ದರೆ ಯಾವ ಹಂತದಲ್ಲಿ ಹಾಕಿದ್ದರು ಅನ್ನುವುದು ದೇವರಿಗೇ ಗೊತ್ತು. ಅದಕ್ಕೇ ಸ್ವಿಚ್ ಎಲ್ಲಿತ್ತು ಅಂತ ಪ್ರತಿ ಫೈಲಿನ ಜೊತೆ ಬರೆದಿಡಿ.

ಶುದ್ಧಸ್ವರ:
ಬಂತಪ್ಪ ಹಿಸ್ ಪೂಜೆ. ಗಾಯಕರು ಹಾಡಿದ್ದು ಹಿಸ್ ಅಲ್ಲ ಸ್ವಾಮಿ. ಹಾಡು ಶುರುವಾಗುವ ಮುಂಚಿನ ಎರಡು ಸೆಕೆಂಡ್ ಖಾಲಿ ಟೇಪಿನಿಂದ ಗದ್ದಲದ ಮಾದರಿ ತೆಗೆದು 6 ಡಿಬಿ ಮಾತ್ರ ಇಳಿಸಿ. ಟೇಪಿನ ಶುರುವಿನ, ಲೇಪವಿಲ್ಲದ ಲೀಡರ್‌ನಿಂದ ಮಾದರಿ ತೆಗೆಯಬೇಡಿ, ಅದರಲ್ಲಿ ಟೇಪಿನ ಹಿಸ್ಸೇ ಇರುವುದಿಲ್ಲ. 12 ಡಿಬಿಗೆ ಆಸೆಪಟ್ಟರೆ ತಾಳದ ಬಾಲವೆಲ್ಲ ನೀರಗುಳ್ಳೆಯಾಗಿ ಗುಳುಗುಳು ಅನ್ನುತ್ತದೆ. ಹಿಸ್ ತೊಳೆದ ಪ್ರತಿ, ತೊಳೆಯದ ಪ್ರತಿ ಎರಡೂ ಇಟ್ಟುಕೊಳ್ಳಿ.

ಹಿಸ್ಸಿಗಿಂತ ದೊಡ್ಡ ತೊಂದರೆ ವೇಗದ್ದು. ಅದರ ಬಗ್ಗೆ ಇಲ್ಲಿ ಒಬ್ಬರೂ ಬಾಯಿ ಬಿಡುವುದಿಲ್ಲ. ಸ್ಪೆಕ್ಟ್ರಮ್ (ಯಾವ ಆವರ್ತನದಲ್ಲಿ ಎಷ್ಟು ಸದ್ದಿದೆ ಅನ್ನುವ ಚಿತ್ರ) ತೆಗೆದು ಕರೆಂಟಿನ ಹಮ್ (ಗುಂಯ್ ಸದ್ದು) ಹುಡುಕಿ. 50 ಹರ್ಟ್ಜ್ ಇರಬೇಕಾದ ಗೆರೆ 51ರಲ್ಲಿದ್ದರೆ ಟೇಪು 2% ಜೋರಾಗಿ ಓಡುತ್ತಿದೆ, ಶ್ರುತಿ 34 ಸೆಂಟ್ (ಸ್ವರಸ್ಥಾನದಿಂದ ಸ್ವರಸ್ಥಾನಕ್ಕೆ 100) ಮೇಲೇರಿದೆ. ನಿಮ್ಮ ಡೆಕ್ಕಿನದೇ (ಪ್ಲೇಯರಿನದೇ) ಹಮ್ ಸರಿಯಾಗಿ 50ರಲ್ಲಿ ಕೂತಿರುತ್ತದೆ, ಅದನ್ನು ಹಿಡಿದು ಮೋಸಹೋಗಬೇಡಿ, ಪಕ್ಕದ ಇನ್ನೊಂದು ಗೆರೆ ನೋಡಿ. ಮೂಲ ರೆಕಾರ್ಡಿಂಗ್ 60 ಹರ್ಟ್ಜ್ ದೇಶದ್ದಾದರೆ ಲೆಕ್ಕ 60ರಿಂದ. ತಿದ್ದುವಾಗ ವೇಗ, ಶ್ರುತಿ ಎರಡೂ ಒಟ್ಟಿಗೆ ಬದಲಾಗಬೇಕು. ಬರೀ ಶ್ರುತಿ ಬದಲಿಸುವ ಉಪಕರಣ ಬೇಡ.

ಮೂಲಪ್ರತಿ:
ತೊಳೆದದ್ದು, ತೊಳೆಯದ್ದು ಎರಡೂ ಇಡಿ ಅಂತೀರಿ. ಹರಡುವುದು ಯಾವುದು? ತೊಳೆದದ್ದೇ. ಮೂರು ಕೈ ದಾಟುವಷ್ಟರಲ್ಲಿ ಟಿಪ್ಪಣಿ ಬಿದ್ದುಹೋಗಿ, ಎಂಪಿತ್ರೀ ಆಗಿ, ಮತ್ತೆ ಫ್ಲಾಕ್ ವೇಷ ಹಾಕಿಕೊಂಡು 'ಮಾಸ್ಟರ್' (ಮೂಲ ಟೇಪು) ಅಂತ ವಾಪಸ್ ಬರುತ್ತದೆ. ಸ್ಪೆಕ್ಟ್ರೋಗ್ರಾಂನಲ್ಲಿ 16 ಕಿಲೋಹರ್ಟ್ಜ್ ಹತ್ತಿರ ಚಾಕುವಿನಲ್ಲಿ ಕೊಯ್ದ ಹಾಗಿದ್ದರೆ ಅದು 128 ಕೆಬಿಪಿಎಸ್ ಎಂಪಿತ್ರೀಯ ಸಂತಾನ. ಕ್ಯಾಸೆಟ್ಟಿನ ಮೇಲಿನ ಸ್ವರಗಳು ಹಾಗೆ ಕತ್ತರಿಸಿಕೊಳ್ಳುವುದಿಲ್ಲ, ನಿಧಾನಕ್ಕೆ ಆರುತ್ತವೆ.

ತುಣುಕುಜೋಡಕ:
ಇವರಿಬ್ಬರ ಜಗಳ ಬಿಡಿ. ಕೈಬಿಟ್ಟ ಆಲ್ಬಂ ಇದೆಯಲ್ಲ, ಅದನ್ನು ಜೋಡಿಸಿ ಕೇಳುವುದೇ ಹಬ್ಬ. ಅಮೆರಿಕದ ಬೀಚ್ ಬಾಯ್ಸ್ ತಂಡದವರು 1967ರಲ್ಲಿ 'ಸ್ಮೈಲ್' ಆಲ್ಬಂ ಕೈಬಿಟ್ಟರು. ದಶಕಗಟ್ಟಲೆ ಅಭಿಮಾನಿಗಳು ತಮ್ಮದೇ ಕ್ರಮದಲ್ಲಿ ಅದನ್ನು ಜೋಡಿಸುತ್ತಾ ಬಂದರು. ಆ ತಂಡದ ಬ್ರಯಾನ್ ವಿಲ್ಸನ್ 2004ರಲ್ಲಿ ಹೊಸದಾಗಿ ರೆಕಾರ್ಡ್ ಮಾಡಿ ಮುಗಿಸಿದರು, 2011ರಲ್ಲಿ ಹಳೆಯ ಟೇಪುಗಳು ಹೊರಬಂದಾಗ 2004ರ ಕ್ರಮವನ್ನೇ ಮಾದರಿ ಮಾಡಿಕೊಂಡರು. ನನ್ನ ಜೋಡಣೆಯ ಪದ್ಧತಿ: ಮೊದಲು ಎಲ್ಲ ಟೇಕ್‌ಗಳನ್ನು ಒಂದೇ ಶ್ರುತಿಗೆ ತರುವುದು, ಆಮೇಲೆ ತಾಳದ ಪೆಟ್ಟಿನ ಮೇಲೇ ಕತ್ತರಿ, 10ರಿಂದ 20 ಮಿಲಿಸೆಕೆಂಡ್ ಒಂದರೊಳಗೊಂದು ಕರಗಿಸುವ ಕ್ರಾಸ್‌ಫೇಡ್. ದನಿಯ ನಡುವೆ ಕತ್ತರಿಸಿದರೆ ಉಸಿರು ಎರಡು ಸಲ ಕೇಳಿ ಗುಟ್ಟು ಬಯಲು.

ಮೂಲಪ್ರತಿ:
ಫೈಲಿನ ಹೆಸರಿನಲ್ಲೇ 'ಅಭಿಮಾನಿ ಜೋಡಣೆ' ಅಂತ ಹಾಕ್ತೀರಾ? ಇಲ್ಲದಿದ್ದರೆ ಹತ್ತು ವರ್ಷದಲ್ಲಿ ಅದೇ 'ಗಾಯಕರ ಮೂಲ ಕ್ರಮ' ಆಗಿಬಿಡುತ್ತದೆ.

ತುಣುಕುಜೋಡಕ:
ಫೈಲಿನೊಳಗಿನ ಟ್ಯಾಗ್‌ನಲ್ಲಿ ಹಾಕುತ್ತೇನೆ. ಓದದವರಿಗೆ ನಾನೇನು ಮಾಡಲಿ?

ಬೀಗದಕೈ:
ಕಲಾವಿದರು ಬೇಡ ಅಂದದ್ದನ್ನು ಹಂಚುವ ಹಕ್ಕು ಯಾರಿಗೂ ಇಲ್ಲ. ಅಮೆರಿಕದ ಗಾಯಕ ಪ್ರಿನ್ಸ್ 1987ರ ಡಿಸೆಂಬರ್‌ನಲ್ಲಿ 'ಬ್ಲ್ಯಾಕ್ ಆಲ್ಬಂ' ಹೊರಬರುವ ಹೊತ್ತಿಗೆ ತಡೆದರು. ಕಳ್ಳ ಪ್ರತಿಗಳು ಊರೆಲ್ಲ ತಿರುಗಿದವು, ಅಧಿಕೃತವಾಗಿ ಬಂದದ್ದು 1994ರಲ್ಲಿ. ಕೇಳಿ, ಆನಂದಿಸಿ, ಕಪಾಟಿನಲ್ಲಿಡಿ. ಅಷ್ಟೇ.

ತುಣುಕುಜೋಡಕ:
ಕಂಪನಿಗಳೇನು ಅಭಿಮಾನಿಗಳ ಮೇಲಿನ ಪ್ರೀತಿಗೆ ಹೊರತರುತ್ತವಾ? ಯುರೋಪಿನ ಕಾನೂನಿನಲ್ಲಿ 50 ವರ್ಷದೊಳಗೆ ಪ್ರಕಟವಾಗದ ರೆಕಾರ್ಡಿಂಗ್‌ಗೆ ಆಮೇಲೆ ರಕ್ಷಣೆ ಇಲ್ಲ. ಅದಕ್ಕೇ 2012ರಲ್ಲಿ ಗಾಯಕ ಬಾಬ್ ಡಿಲನ್ ಅವರ 1962ರ ಟೇಪುಗಳು ಬರೀ ನೂರರಷ್ಟು ಪ್ರತಿಯಲ್ಲಿ ಬಂದವು. 2013ರ ಡಿಸೆಂಬರ್‌ನಲ್ಲಿ ಬೀಟಲ್ಸ್‌ನ 59 ರೆಕಾರ್ಡಿಂಗ್ ಐಟ್ಯೂನ್ಸ್‌ಗೆ ಬಂದದ್ದೂ ಅದೇ ಲೆಕ್ಕಕ್ಕೆ.

ಶುದ್ಧಸ್ವರ:
ಬೀಟಲ್ಸ್ ಮಾತು ಬಂತಲ್ಲ. ಆ ತಂಡದ ಜಾನ್ ಲೆನನ್ ಮನೆಯಲ್ಲಿ ಪಿಯಾನೋ ಜೊತೆ ಹಾಡಿದ ಕ್ಯಾಸೆಟ್ ಡೆಮೊ 'ನೌ ಆ್ಯಂಡ್ ದೆನ್' ಅನ್ನು ಉಳಿದ ಬೀಟಲ್ಸ್ 1995ರಲ್ಲಿ ಎತ್ತಿಕೊಂಡು ಅರ್ಧಕ್ಕೇ ಕೈಬಿಟ್ಟರು. ಯಂತ್ರಕಲಿಕೆಯಿಂದ ದನಿ ಬೇರ್ಪಡಿಸಿದ ಮೇಲೆ 2023ರಲ್ಲಿ ಹಾಡು ಬಂತು. ಹಿಸ್ ಪೂಜಾರಿಗಳು ಏನಂತೀರಿ?

ಮೂಲಪ್ರತಿ:
ಅಲ್ಲಿ ಕೂತು ತೀರ್ಮಾನಿಸಿದವರು ಬದುಕಿರುವ ಸಂಗಡಿಗರು, ನೀವಲ್ಲ. ನಾಲ್ಕನೇ ತಲೆಮಾರಿನ ಪ್ರತಿಯನ್ನು ಆ ಯಂತ್ರಕ್ಕೆ ಕೊಟ್ಟು ನೋಡಿ, ದನಿಯ 'ಸ'ಕಾರವೆಲ್ಲ ತಾಳದ ಪಾಲಾಗುತ್ತದೆ.

ಹೊಸಕಿವಿ:
ನನ್ನ 7ನೇ ಕ್ಯಾಸೆಟ್…?

ಬೀಗದಕೈ:
ಡೆಕ್ಕು ಆಟೋ ರಿವರ್ಸಾ (ತಾನೇ ಬಿ ಬದಿ ನುಡಿಸುವಂಥದ್ದಾ)? ಹಾಗಿದ್ದರೆ ಅದನ್ನು ನಂಬದೆ ಕ್ಯಾಸೆಟ್ ತೆಗೆದು ತಿರುಗಿಸಿ ಹಾಕಿ. ಹಿಂದಕ್ಕೆ ಓಡುವಾಗ ಹೆಡ್ಡಿನ ಕೋನ ಬೇರೆಯೇ ಇರುತ್ತದೆ. ಆಗಲೂ ಮಂಕಾಗಿದ್ದರೆ ಅಜಿಮತ್ ಸ್ಕ್ರೂ ಎಲ್ಲಿತ್ತೆಂದು ಗುರುತು ಹಾಕಿಕೊಂಡು, ಎರಡೂ ಚಾನೆಲ್ ಮೋನೋಗೆ ಸೇರಿಸಿ ಕೇಳುತ್ತಾ ಕೂದಲೆಳೆಯಷ್ಟೇ ತಿರುಗಿಸಿ. ಮೇಲಿನ ಸ್ವರ ಹೆಚ್ಚು ತೆರೆದುಕೊಂಡಲ್ಲಿ ನಿಲ್ಲಿಸಿ. ಮುಗಿದಮೇಲೆ ಗುರುತಿಗೆ ವಾಪಸ್ ತನ್ನಿ, ಇಲ್ಲದಿದ್ದರೆ 8ನೇದೂ ಮಂಕು.

ಹೊಸಕಿವಿ:
ಆಟೋ ರಿವರ್ಸೇ. ತಿರುಗಿಸಿ ಹಾಕಿದೆ, ದನಿ ತೆರೆದುಕೊಂಡಿತು. ಆದರೆ ಈಗ ಹಿಸ್ ಮೊದಲಿಗಿಂತ ಜಾಸ್ತಿ ಕೇಳಿಸುತ್ತಿದೆ.

ಶುದ್ಧಸ್ವರ:
6 ಡಿಬಿ.

ಮೂಲಪ್ರತಿ:
ಮುಟ್ಟಬೇಡಿ.