ಆಲ್ವಿನ್ ಕ್ಲಾರ್ಕ್: ನೀರಲ್ಲಿ 105 ವರ್ಷ ಉಳಿದ ಹಡಗು ದಡದಲ್ಲಿ ಹಾಳಾದದ್ದೇಕೆ?

ಪ್ರಶ್ನೆ:
ಅಮೆರಿಕದ ಮಿಶಿಗನ್ ಸರೋವರದ ಗ್ರೀನ್ ಬೇ ಕೊಲ್ಲಿಯಲ್ಲಿ 1864ರಲ್ಲಿ ಮುಳುಗಿದ ಎರಡು ಕೂವೆಮರದ ಸರಕು ಸ್ಕೂನರ್ (ಹಾಯಿಹಡಗು) ಆಲ್ವಿನ್ ಕ್ಲಾರ್ಕ್ ಅನ್ನು 1969ರಲ್ಲಿ ಇಡಿಯಾಗಿ ಮೇಲೆತ್ತಿದರು. 1994ರಲ್ಲಿ ಒಡೆದುಹಾಕಿದರು. ನನಗೆ ಎರಡು ಅನುಮಾನ. ಜೂನ್ ತಿಂಗಳಲ್ಲಿ, ಸರಕೇ ಇಲ್ಲದ ಹಡಗು ಮುಳುಗಿದ್ದು ಹೇಗೆ? ತಳದಲ್ಲಿ ಕೊಳೆಯದ ಮರ ಮೇಲೆ ಬಂದು 25 ವರ್ಷವೂ ಯಾಕೆ ತಾಳಲಿಲ್ಲ?

ಉತ್ತರ 1:
ಸರಕು ಇಲ್ಲದ್ದೇ ಮುಳುವಾಯಿತು. ಮರ ತುಂಬಿಕೊಳ್ಳಲು ಒಕಾಂಟೋ ಕಡೆಗೆ ಖಾಲಿ ಹೊರಟಿತ್ತು. ಒಡಲಲ್ಲಿ ಭಾರವಿಲ್ಲ, ಮೇಲೆ ಮಾತ್ರ ಕೂವೆ, ಹಾಯಿಗಳ ತೂಕ. ಸಾಲದ್ದಕ್ಕೆ ಒಡಲು ಗುಡಿಸಲೆಂದು ಹ್ಯಾಚ್ (ಅಟ್ಟದಿಂದ ಒಡಲಿಗೆ ಸರಕು ಇಳಿಸುವ ಬಾಯಿ) ತೆರೆದಿಟ್ಟಿದ್ದರು. ಜೂನ್ 29ರಂದು ಚೇಂಬರ್ಸ್ ದ್ವೀಪದ ಹತ್ತಿರ ದಿಢೀರನೆ ಬಿರುಗಾಳಿ ಬಡಿದು ಹಡಗು ಪಕ್ಕಕ್ಕೆ ಮಲಗಿತು. ಹ್ಯಾಚಿನ ಅಂಚು ನೀರಿಗೆ ತಾಗಿದ ಮೇಲೆ ಮುಗಿಯಿತು: ಒಳಗೆ ನುಗ್ಗಿದ ನೀರೆಲ್ಲ ತಗ್ಗಿದ ಪಕ್ಕಕ್ಕೇ ಹರಿದು ಇನ್ನಷ್ಟು ವಾಲಿಸುತ್ತದೆ. ಹ್ಯಾಚಿಗೆ ಹಲಗೆ ಮುಚ್ಚಿ, ಟಾರ್ಪಾಲು ಬಿಗಿದು, ಬೆಣೆ ಹೊಡೆದಿದ್ದರೆ ಮತ್ತೆ ನೆಟ್ಟಗಾಗುವ ಅವಕಾಶವಿತ್ತು. ಐವರಲ್ಲಿ ಮೂವರು ಸತ್ತರು, ಕ್ಯಾಪ್ಟನ್ನೂ ಸೇರಿ.

ಉತ್ತರ 2:
ಎರಡನೆಯದಕ್ಕೆ. ಸುಮಾರು 110 ಅಡಿ ಆಳದ ಆ ನೀರು ಸಿಹಿನೀರು, ವರ್ಷವಿಡೀ ತಣ್ಣಗೆ. ಉಪ್ಪುನೀರಲ್ಲಿ ನಮ್ಮ ಕರಾವಳಿಯ ಮಂಜಿಗಳ ಹಲಗೆ ಕೊರೆಯುವ ಹಡಗುಹುಳು ಅಲ್ಲಿ ಬದುಕುವುದಿಲ್ಲ. ಒಡಲು ತುಂಬ ಹೂಳು ಕೂತಿದ್ದರಿಂದ ಗಾಳಿಯ ಸೋಂಕೂ ಕಡಿಮೆ.

ಆದರೆ 'ಕೊಳೆಯಲಿಲ್ಲ' ಅನ್ನುವುದು ಅರ್ಧ ಸತ್ಯ. ಬ್ಯಾಕ್ಟೀರಿಯಾ ಮರದ ಸೆಲ್ಯುಲೋಸನ್ನು ನಿಧಾನಕ್ಕೆ ತಿಂದಿರುತ್ತವೆ. ಕೋಶಗಳು ನಿಂತಿರುವುದು ಒಳಗಿನ ನೀರಿನ ಬಲದಿಂದ. ಒಣಗುವಾಗ ಆ ನೀರೇ ಕೋಶದ ಗೋಡೆಗಳನ್ನು ಒಳಕ್ಕೆ ಜಗ್ಗಿ ಕುಸಿಯುವಂತೆ ಮಾಡುತ್ತದೆ. ಮರ ಉದ್ದಕ್ಕೆ ಹೆಚ್ಚೇನೂ ಕುಗ್ಗುವುದಿಲ್ಲ, ಅಡ್ಡಕ್ಕೆ ವಿಪರೀತ ಕುಗ್ಗುತ್ತದೆ. ಹಲಗೆ ಸೀಳುತ್ತದೆ, ನೀರು ಸೋರದಂತೆ ಸಂದಿಗೆ ತುರುಕಿದ ನಾರು ಉದುರುತ್ತದೆ, ಮಳೆನೀರು ಆ ಬಿರುಕಲ್ಲಿ ನಿಂತು ಶಿಲೀಂಧ್ರ ಹಿಡಿಯುತ್ತದೆ. ದಡದ ಊರಾದ ಮೆನೊಮಿನಿಯಲ್ಲಿ ಬಯಲಲ್ಲಿ ಪ್ರದರ್ಶನಕ್ಕಿಟ್ಟಾಗ ಆದದ್ದು ಇದೇ. ಟಿಕೆಟ್ ದುಡ್ಡು ಸಂರಕ್ಷಣೆಯ ಖರ್ಚಿನ ಹತ್ತಿರಕ್ಕೂ ಬರಲಿಲ್ಲ.

ಪ್ರಶ್ನೆ ಕೇಳಿದವರು:
ಎತ್ತಿದ ಕೂಡಲೇ ಎಣ್ಣೆಯೋ ವಾರ್ನಿಷೋ ಬಳಿದಿದ್ದರೆ?

ಉತ್ತರ 2:
ಪ್ರಯೋಜನವಿಲ್ಲ. ನೀರು ತುಂಬಿದ ಮರದೊಳಕ್ಕೆ ಎಣ್ಣೆ ಇಳಿಯುವುದೇ ಇಲ್ಲ. ನೀರಿನ ಜಾಗಕ್ಕೆ ಇನ್ನೊಂದು ವಸ್ತು ಮೆಲ್ಲಗೆ ಬರಬೇಕು. ಸ್ವೀಡನ್ನಿನಲ್ಲಿ ಹೀಗೇ ನೀರಿಂದ ಎತ್ತಿದ ಹಳೆಯ ಯುದ್ಧನೌಕೆ ವಾಸಾಗೆ ಪಾಲಿಎಥಿಲೀನ್ ಗ್ಲೈಕಾಲ್ ಎಂಬ ಮೇಣದಂಥ ವಸ್ತುವಿನ ದ್ರಾವಣವನ್ನು ಮೊದಲು ತೆಳುವಾಗಿ, ಬರಬರುತ್ತಾ ಗಟ್ಟಿಯಾಗಿ 1962ರಿಂದ 1979ರವರೆಗೆ, ಅಂದರೆ 17 ವರ್ಷ ಸಿಂಪಡಿಸಿದರು. ಆಮೇಲೂ ಸುಮಾರು 9 ವರ್ಷ ನಿಧಾನವಾಗಿ ಒಣಗಿಸಿದರು. ಅಷ್ಟಾದರೂ ಕಬ್ಬಿಣದ ಬೋಲ್ಟುಗಳ ಕಾಟ ತಪ್ಪಲಿಲ್ಲ. ಮರದಲ್ಲಿ ಸೇರಿದ ಗಂಧಕವು ಕಬ್ಬಿಣದ ಜತೆಗೂಡಿ ಆಮ್ಲವಾಗುತ್ತಿತ್ತು. ಬೋಲ್ಟುಗಳನ್ನು ಸ್ಟೇನ್‌ಲೆಸ್ ಉಕ್ಕಿಗೆ ಬದಲಿಸಬೇಕಾಯಿತು.

ಉತ್ತರ 3:
ಎತ್ತಿದವರ ಕೆಲಸ ಮಾತ್ರ ಅಚ್ಚುಕಟ್ಟು, ಅದನ್ನು ಹೇಳಲೇಬೇಕು. ಮುಳುಗುಗಾರರು ಹೂಳು ಹೀರಿ ತೆಗೆದು, ತಳದ ಕೆಳಗೆ ಸುರಂಗ ಕೊರೆದು, ಪಟ್ಟಿ ತೂರಿಸಿ ಮೇಲೆತ್ತಿದ್ದರು. ನೀರು ಹೊರಹಾಕಿದ ಮೇಲೆ ಹಡಗು ತಾನಾಗಿ ತೇಲಿತು! ಅದಕ್ಕೇ ನೋಡಿದವರಿಗೆಲ್ಲ ಮರ ಗಟ್ಟಿಯಿದೆ ಅನ್ನಿಸಿದ್ದು.