ಸುಣ್ಣದ ನೀರಿನಲ್ಲಿ ಬೇಯಿಸಿದ ಮುಸುಕಿನ ಜೋಳಕ್ಕೆ ಕನ್ನಡದಲ್ಲಿ ಏನೆನ್ನಬೇಕು?

ಮಾನ್ಯರೆ,

ನಾನು ನಾಲ್ಕು ವರ್ಷಗಳಿಂದ ಮೆಕ್ಸಿಕೊ ನಗರದಲ್ಲಿ ವಾಸವಾಗಿದ್ದೇನೆ. ಗದಗ ಸೀಮೆಯ ಜೋಳದ ರೊಟ್ಟಿಯ ಮನೆಯಲ್ಲಿ ಬೆಳೆದವನಾದ್ದರಿಂದ ಇಲ್ಲಿಯ ಮುಸುಕಿನ ಜೋಳದ ತೆಳು ರೊಟ್ಟಿ, ತೋರ್ತಿಯಾ, ಮೊದಲ ದಿನದಿಂದಲೇ ಬಾಯಿಗೆ ಹಿಡಿಸಿತು. ಈಗ ಅದನ್ನು ಮನೆಯಲ್ಲಿಯೇ ಮಾಡುತ್ತೇನೆ. ಮಾಡುವ ಕ್ರಮವನ್ನು ಊರಿನವರಿಗಾಗಿ ಕನ್ನಡದಲ್ಲಿ ಬರೆಯಲು ಕುಳಿತಾಗ ಮೊದಲ ವಾಕ್ಯದಲ್ಲಿಯೇ ಒಂದು ಪದ ಸಿಗದೆ ಲೇಖನಿ ನಿಂತಿತು.

ಬೇಕಾಗಿರುವುದು ಇಲ್ಲಿಯವರು ನಿಶ್ತಮಾಲ್ ಎನ್ನುವ ವಸ್ತುವಿಗೆ ಮತ್ತು ಅದನ್ನು ಮಾಡುವ ಕ್ರಿಯೆಗೆ ಪದ. ಒಂದು ಕಿಲೊ ಒಣ ಮುಸುಕಿನ ಜೋಳಕ್ಕೆ ಸುಮಾರು 10 ಗ್ರಾಂ ಅರಳಿದ ಸುಣ್ಣವನ್ನು ಮೂರು ಲೀಟರ್ ನೀರಿನಲ್ಲಿ ಕದಡಿ, ಕಾಳಿನ ಸಿಪ್ಪೆ ಬೆರಳಿಗೆ ಜಾರುವವರೆಗೆ ಬೇಯಿಸಿ, ಒಲೆಯಿಂದ ಇಳಿಸಿ, ರಾತ್ರಿಯಿಡೀ ಅದೇ ನೀರಿನಲ್ಲಿ ಬಿಡುತ್ತಾರೆ. ಬೆಳಿಗ್ಗೆ ತೊಳೆದು, ಉಜ್ಜಿ, ಕಲ್ಲಿನಲ್ಲಿ ರುಬ್ಬುತ್ತಾರೆ. ಸುಣ್ಣ ತಾಗಿದ ಕೂಡಲೇ ಬಿಳಿಯ ಕಾಳು ಹಳದಿಗೆ ತಿರುಗುತ್ತದೆ ಮತ್ತು ಅಡುಗೆಮನೆಯಲ್ಲಿ ಮೊದಲ ಮಳೆಗೆ ನೆಲ ನೆನೆದಂತಹ ವಾಸನೆ ಏಳುತ್ತದೆ. ಸುಣ್ಣ ಹೆಚ್ಚಾದರೆ ಹಿಟ್ಟು ಕಹಿಯಾಗುತ್ತದೆ.

ಸುಣ್ಣವಿಲ್ಲದೆ ಆಗುವುದೇ ಎಂದು ನಾನೇ ಮಾಡಿ ನೋಡಿದ್ದೇನೆ. ಸಾದಾ ನೀರಿನಲ್ಲಿ ಬೇಯಿಸಿ ರುಬ್ಬಿದ ಹಿಟ್ಟಿಗೆ ಜಿಗಿಯೇ ಇರಲಿಲ್ಲ; ಎಸರು ಹಾಕಿ ನಾದಿದರೂ ತಟ್ಟುವಾಗ ಅಂಚು ಹರಿಯಿತು, ಹೆಂಚಿನ ಮೇಲೆ ಉಬ್ಬಲಿಲ್ಲ. ನೆರೆಮನೆಯ ಹಿರಿಯ ಹೆಂಗಸು ಅದನ್ನು ಮುಟ್ಟಿ ನೋಡಿ, ಸುಣ್ಣ ಹಾಕಿದೆಯಾ ಎಂದಷ್ಟೇ ಕೇಳಿದರು. ಅಂದು ರಾತ್ರಿ ಫೋನಿನಲ್ಲಿ ಈ ಮಾತನ್ನು ಹೇಳಿದಾಗ ನನ್ನ ತಾಯಿ, "ಎಲಿಗೆ ಹಚ್ಚೋ ಸುಣ್ಣ ಜ್ವಾಳಕ್ಯಾಕ ಹಾಕ್ತೀಯೋ?" ಎಂದು ಗಾಬರಿಯಾದರು. ವೀಳ್ಯದೆಲೆಯ ಸುಣ್ಣವನ್ನೂ ಬೂದುಗುಂಬಳದ ಮಿಠಾಯಿಗೆ ಬಳಸುವ ಸುಣ್ಣದ ತಿಳಿಯನ್ನೂ ಬಲ್ಲ ನಮಗೆ, ಕಾಳಿನ ಜೊತೆಗೆ ಸುಣ್ಣ ಎಂಬುದು ಕಿವಿಗೇ ಹೊಸದು. ಮೆಕ್ಸಿಕೊದ ಕಾಳು ನಮ್ಮ ಹೊಲಕ್ಕೆ ಬಂದಿತು, ಸುಣ್ಣದ ವಿದ್ಯೆ ಕಾಳಿನ ಜೊತೆಗೆ ಬರಲಿಲ್ಲ. ಹೀಗಾಗಿ ಪದವೂ ಹುಟ್ಟಲಿಲ್ಲ ಎಂದು ನನಗೆ ತೋರುತ್ತದೆ. ಯುರೋಪಿಗೂ ಹೀಗೆಯೇ ಆಯಿತು. ಅಲ್ಲಿ ಅದರ ಬೆಲೆಯನ್ನು ಬಡವರು ತೆತ್ತರು: ಈ ಜೋಳದಲ್ಲಿರುವ ನಯಾಸಿನ್ ಎಂಬ ಜೀವಸತ್ವ ಸುಣ್ಣದ ಸಂಸ್ಕಾರವಿಲ್ಲದೆ ಮೈಗೆ ಸರಿಯಾಗಿ ದಕ್ಕುವುದಿಲ್ಲ, ಅದನ್ನೇ ನಂಬಿ ಬದುಕಿದವರಿಗೆ ಚರ್ಮ ಒಡೆದು ಬುದ್ಧಿಯೂ ಕೆಡುವ ಪೆಲ್ಲಾಗ್ರ ರೋಗ ಹತ್ತಿತು. ಸ್ಪೇನಿನ ವೈದ್ಯ ಗಾಸ್ಪರ್ ಕಸಾಲ್ ಅದನ್ನು 1735ರಲ್ಲಿ ಗುರುತಿಸಿದ್ದ. ಆದ್ದರಿಂದ ಈ ಪದ ಪಾಕಪುಸ್ತಕಕ್ಕೆ ಮಾತ್ರವಲ್ಲ, ಆಹಾರಶಾಸ್ತ್ರದ ಕನ್ನಡ ಬರವಣಿಗೆಗೂ ಬೇಕು.

ನಿಶ್ತಮಾಲ್ ಎಂಬುದನ್ನು ಹಾಗೆಯೇ ಇಟ್ಟುಕೊಳ್ಳಬಹುದು. ಟೊಮೆಟೊ, ಚಾಕೊಲೇಟ್, ಸಪೋಟ ಎಂಬ ಮಾತುಗಳೂ ಅದರಂತೆಯೇ ಮೆಕ್ಸಿಕೊದ ಮೂಲನಿವಾಸಿಗಳ ನಾವಾತ್ಲ್ ಭಾಷೆಯಿಂದ ಹೊರಟು ಸ್ಪ್ಯಾನಿಷಿನ ಮೂಲಕ ನಮ್ಮವರೆಗೆ ಬಂದವು. ಆದರೆ ಅವು ಕಣ್ಣಿಗೆ ಕಾಣುವ ಪದಾರ್ಥಗಳ ಹೆಸರು. ಇದು ಒಂದು ಕ್ರಿಯೆ, ಕ್ರಿಯೆಯ ಹೆಸರಿನಲ್ಲಿ ಓದುಗನಿಗೆ ಕೈಕೆಲಸ ಕಾಣಬೇಕು. ಮೂಲದಲ್ಲಿಯೂ ಅದು ಕಾಣುತ್ತದೆ: ನೆಶ್ತ್ಲಿ ಎಂದರೆ ಬೂದಿ, ತಮಾಲ್ಲಿ ಎಂದರೆ ಜೋಳದ ಕಣಕ.

'ಕ್ಷಾರ ಸಂಸ್ಕರಣೆ' ಎನ್ನುವುದು ತಪ್ಪಲ್ಲ. ಕ್ಷಾರ ಎಂಬ ಮಾತಿಗೂ ಬೂದಿಯ ನಂಟಿದೆಯಾದ್ದರಿಂದ ಮೂಲಕ್ಕೆ ಹತ್ತಿರವೇ ಎನ್ನಬಹುದು. ಆದರೂ ಅದು ಪ್ರಯೋಗಶಾಲೆಯ ಮಾತಾಗಿ ಕೇಳುತ್ತದೆ. ಅಡುಗೆಮನೆಗೆ ತಂದರೆ ಹಪ್ಪಳದ ಖಾರದಂತೆ 'ಖಾರ'ವಾಗಿ, ಮೆಣಸಿನಕಾಯಿಯ ಖಾರದೊಂದಿಗೆ ಗೊಂದಲವಾಗುತ್ತದೆ.

ನನಗೆ ದಾರಿ ತೋರಿದ್ದು ಕರಾವಳಿಯ ಕುಚ್ಚಲಕ್ಕಿ. ಭತ್ತವನ್ನು ಬೇಯಿಸಿ, ಒಣಗಿಸಿ, ಆಮೇಲೆ ಅಕ್ಕಿ ಮಾಡುವ ಆ ಕ್ರಮದಲ್ಲಿ ಸಂಸ್ಕಾರವೇ ಅಕ್ಕಿಗೆ ಹೆಸರು ಕೊಟ್ಟಿದೆ, ಅದರ ಎದುರಿಗೆ ಬೇಯಿಸದ ಬೆಳ್ತಿಗೆ ಅಕ್ಕಿಯೂ ಇದೆ. ಕುಚ್ಚು ಎಂದರೆ ಕುದಿಸು, ಬೇಯಿಸು. ಇದನ್ನೇ ಹಿಡಿದು ಸುಣ್ಣ ಮತ್ತು ಕುಚ್ಚು ಸೇರಿಸಿ 'ಸುಣ್ಣಗುಚ್ಚು' ಎಂಬ ಕ್ರಿಯಾಪದವನ್ನೂ, 'ಸುಣ್ಣಗುಚ್ಚಲು ಜೋಳ' ಎಂಬ ಹೆಸರನ್ನೂ ಮಾಡಿಕೊಂಡಿದ್ದೇನೆ. "ರಾತ್ರಿ ಸುಣ್ಣಗುಚ್ಚಿದ ಜೋಳವನ್ನು ಬೆಳಿಗ್ಗೆ ತೊಳೆದು ರುಬ್ಬಬೇಕು" ಎಂಬ ವಾಕ್ಯ ನನ್ನ ಕಿವಿಗೆ ಒಪ್ಪುತ್ತದೆ. ಸುಣ್ಣ ಎಂದೊಡನೆ ಗೋಡೆಗೆ ಬಳಿಯುವ ಚಿತ್ರ ಬರಬಹುದೆಂಬ ಆಕ್ಷೇಪವನ್ನು ನಾನು ಬಲ್ಲೆ. ಆದರೆ ಇಲ್ಲಿ ಮಣ್ಣಿನ ಹೊಸ ಹೆಂಚಿಗೂ ಹಿಟ್ಟು ಅಂಟದಿರಲೆಂದು ಸುಣ್ಣದ ನೀರನ್ನು ಬಳಿಯುತ್ತಾರೆ. ವಸ್ತು ಸುಣ್ಣವಾಗಿರುವಾಗ ಅದನ್ನು ಮರೆಮಾಡುವ ಪದಕ್ಕಿಂತ ಹೇಳುವ ಪದವೇ ಮೇಲು.

ಎರಡನೆಯ ತೊಡಕು ರುಬ್ಬಿದ ಮೇಲಿನದು. ಸ್ಪ್ಯಾನಿಷಿನಲ್ಲಿ ಒಣ ಹಿಟ್ಟು ಅರೀನಾ, ಹಸಿಯ ಮುದ್ದೆ ಮಾಸಾ. ನಮ್ಮಲ್ಲಿ ರಾಗಿಯ ಪುಡಿಯೂ ಹಿಟ್ಟು, ದೋಸೆಗೆ ರುಬ್ಬಿದ್ದೂ ಹಿಟ್ಟು, ಹಳೆಯ ಮೈಸೂರಿನ ಕಡೆ ತಟ್ಟೆಗೆ ಬರುವ ಮುದ್ದೆಯೂ ಹಿಟ್ಟು. ಸುಣ್ಣಗುಚ್ಚಿದ ಜೋಳ ಪುಡಿಯ ಹಂತವನ್ನೇ ಕಾಣದೆ ನೇರವಾಗಿ ಮುದ್ದೆಯಾಗುವುದರಿಂದ ಇಲ್ಲಿ ಈ ಭೇದ ಮುಖ್ಯ. ಮೇಲೆ ಬಳಸಿದಂತೆ, ಹೋಳಿಗೆಯ 'ಕಣಕ'ವನ್ನು ಮಾಸಾಕ್ಕೆ ಕೊಟ್ಟು, ಅಂಗಡಿಯಲ್ಲಿ ಪೊಟ್ಟಣದಲ್ಲಿ ಸಿಗುವ ಒಣಗಿಸಿದ ಪುಡಿಗೆ ಮಾತ್ರ ಹಿಟ್ಟು ಎನ್ನಬಹುದೆಂದು ನನ್ನ ಅನಿಸಿಕೆ. ಆದರೆ ಕಣಕವೆಂದರೆ ಗೋದಿಯದೇ ಎಂದು ತಿಳಿಯುವವರು ಇದ್ದಾರೆ, ನನ್ನ ತಾಯಿಯೂ ಅವರಲ್ಲೊಬ್ಬರು. ಈ ವಿಷಯದಲ್ಲಿ ನನಗೆ ಇನ್ನೂ ಧೈರ್ಯವಿಲ್ಲ.

ತಮಾಲ್ ವಿಷಯದಲ್ಲಿ ಮಾತ್ರ ಅನುಮಾನವಿಲ್ಲ. ಇದೇ ಕಣಕವನ್ನು ತೆನೆಯ ಒಣಗಿದ ಹೊದಿಕೆಯಲ್ಲಿ ಸುತ್ತಿ ಹಬೆಯಲ್ಲಿ ಬೇಯಿಸುವ ತಿನಿಸು ಅದು. ಹಲಸಿನ ಎಲೆಯ ಕೊಟ್ಟೆಕಡುಬನ್ನು ಬಲ್ಲ ಭಾಷೆಗೆ, ತೆನೆಯ ಮುಸುಕನ್ನು ನೋಡಿಯೇ ಬೆಳೆಗೆ ಹೆಸರಿಟ್ಟ ಭಾಷೆಗೆ, 'ಮುಸುಕುಗಡುಬು' ತಾನಾಗಿಯೇ ಒದಗಿಬರುತ್ತದೆ.

ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡದವರಲ್ಲಿ ನನ್ನ ಕೋರಿಕೆ: ಭತ್ತವನ್ನು 'ಕುಚ್ಚುವುದು' ಎಂಬ ಕ್ರಿಯಾಪದ ನಿಮ್ಮ ಮನೆಗಳಲ್ಲಿ ಈಗಲೂ ಬಾಯಿಮಾತಿನಲ್ಲಿ ಇದೆಯೇ, ಅಥವಾ ಅಕ್ಕಿಯ ಹೆಸರಿನಲ್ಲಿ ಮಾತ್ರ ಉಳಿದಿದೆಯೇ? ಕಾಳನ್ನಾಗಲಿ ಗೆಡ್ಡೆಯನ್ನಾಗಲಿ ಸುಣ್ಣದ ನೀರಿನಲ್ಲಿ ಅಥವಾ ಬೂದಿಯ ನೀರಿನಲ್ಲಿ ನೆನೆಹಾಕುವ ರೂಢಿ ಯಾವ ಸೀಮೆಯಲ್ಲಾದರೂ ಇದ್ದು, ಅದಕ್ಕೆ ಒಂದು ಹೆಸರಿದ್ದರೆ, ನನ್ನ ಪದವನ್ನು ಕೈಬಿಟ್ಟು ಅದನ್ನೇ ಬಳಸುತ್ತೇನೆ.